ತಗಡಿನ ತೋರಣ

ತುಂಗಭದ್ರೆಯ ತಡಿಯಲ್ಲಿರುವ ಒಂದು ಪಟ್ಟಣದಲ್ಲಿ ಮೌನೇಶಾಚಾರ್ಯರೆಂಬ ತಗಡು ಕೆಲಸದ ಮೇಸ್ತ್ರಿಗಳಿದ್ದರು. ಲಾರಿಯಾಗಲಿ, ಬಸ್ಸಾಗಲಿ, ಟ್ರ್ಯಾಕ್ಟರಿನ ಟ್ರೇಲರಾಗಲಿ, ಮೈ ನಜ್ಜಾದರೆ ಜನ ಅವರ ಶೆಡ್ಡಿಗೇ ತರುತ್ತಿದ್ದರು. ಅವರು ಬಡಿದು ಬೆಸೆದ ತಗಡಿನ ಮೇಲೆ ಅಂಗೈ ಸವರಿದರೆ ಎಲ್ಲಿ ಹರಿದಿತ್ತು, ಎಲ್ಲಿ ಕೂಡಿತು ಎಂಬುದು ತಿಳಿಯುತ್ತಿರಲಿಲ್ಲ.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಬೆಸುಗೆ ಹಾಕುವಾಗ ಯಾರಾದರೂ ತಗಡನ್ನು ಸುಟ್ಟು ತೂತು ಮಾಡಿದರೆ, ಇಲ್ಲವೇ ಅಳತೆ ತಪ್ಪಿ ಕತ್ತರಿಸಿದರೆ, ಆ ಕೆಟ್ಟ ತುಂಡಿನ ಮೇಲೆ ಆಚಾರ್ಯರು ಸೀಮೆಸುಣ್ಣದಿಂದ ಮಾಡಿದವನ ಹೆಸರು ಬರೆಯುವರು. ಆಮೇಲೆ ಅದನ್ನು ಒಂದು ಉದ್ದನೆಯ ತಂತಿಗೆ ಪೋಣಿಸಿ ಬಾಗಿಲ ಮೇಲೆ ತೂಗುಬಿಡುವರು. ಬಂದ ಗಿರಾಕಿಗಳೆಲ್ಲ ಅದರ ಅಡಿಯಲ್ಲಿಯೇ ಒಳಗೆ ಬರಬೇಕು. ಗಾಳಿ ಬೀಸಿದಾಗ ಆ ತುಂಡುಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಕೆಲಸಗಾರರು ಅದಕ್ಕೆ ತೋರಣವೆಂದು ಹೆಸರಿಟ್ಟಿದ್ದರು.

“ಮಾವಿನೆಲೆ ತೋರಣ ಹಬ್ಬಕ್ಕೆ, ತಗಡಿನ ತೋರಣ ಬುದ್ಧಿಗೆ,” ಎಂದು ಆಚಾರ್ಯರು ಹೇಳುತ್ತಿದ್ದರು.

ಮೊದಮೊದಲು ತೋರಣ ಬೇಗಬೇಗನೆ ತುಂಬಿತು. ಬರಬರುತ್ತ ತುಂಡುಗಳು ವಿರಳವಾದವು. ಕಡೆಗೆ ಹೊಸದೊಂದು ಸೇರುವುದೇ ನಿಂತುಹೋಯಿತು. ಹಳೆಯ ತುಂಡುಗಳ ಮೇಲಿನ ಹೆಸರುಗಳೂ ಮಾಸಿದವು. ಆಚಾರ್ಯರು ಅದನ್ನು ನೋಡಿ ನೋಡಿ ತಣಿಯುತ್ತಿದ್ದರು. ತಮ್ಮ ಶೆಡ್ಡಿನಲ್ಲಿ ಇನ್ನು ತಪ್ಪೆಂಬುದಿಲ್ಲ ಎಂದು ಅವರು ನಂಬಿದ್ದರು.

ಹೀಗಿರಲು ಒಂದು ದಿನ ಹಾಲಮ್ಮ ಎಂಬ ನಿವೃತ್ತ ಶಿಕ್ಷಕಿ ಒಂದು ಹಳದಿ ಬಸ್ಸನ್ನು ಆ ಶೆಡ್ಡಿಗೆ ತಂದರು. ಅದು ಬಹುಕಾಲ ಒಂದು ಶಾಲೆಯ ಮಕ್ಕಳನ್ನು ಹೊತ್ತು ತಿರುಗಿ ಮುಪ್ಪಾದ ಬಸ್ಸು. ಹೊರಗಿನ ಬಣ್ಣವೇನೋ ಇತ್ತು. ಒಳಗೆ ನೆಲದ ತಗಡು ತುಕ್ಕು ಹಿಡಿದು ಹಪ್ಪಳದಂತೆ ಎದ್ದಿತ್ತು. ಪಕ್ಕದ ಗೋಡೆಗಳ ಬುಡವನ್ನು ತುಕ್ಕು ತಿಂದಿತ್ತು. ಹಿಂಬಾಗಿಲ ಮೆಟ್ಟಿಲು ಜರಡಿಯಾಗಿತ್ತು.

“ಏನು ಮಾಡ್ತೀರಿ ಅಕ್ಕೋರೆ ಇದನ್ನ? ಗುಜರಿಯವನೂ ಮೂಸಿ ನೋಡಲ್ಲ,” ಎಂದರು ಆಚಾರ್ಯರು.

“ಶಾಲೆ ಮಾಡ್ತೀನಿ,” ಎಂದರು ಹಾಲಮ್ಮ. “ಕಬ್ಬು ಕಡಿಯೋಕೆ ಬೇರೆ ಸೀಮೆಯಿಂದ ಜನ ಬರ್ತಾರಲ್ಲ, ಅವರ ಜೊತೆ ಮಕ್ಕಳೂ ಬರ್ತವೆ. ಇವತ್ತು ಈ ಹೊಲ, ನಾಳೆ ಆ ಹೊಲ. ಆ ಮಕ್ಕಳು ಯಾವ ಶಾಲೆಗೆ ಹೋಗಬೇಕು ಹೇಳಿ? ಅದಕ್ಕೆ ಶಾಲೆಯನ್ನೇ ಅವರ ಹತ್ರ ಒಯ್ಯೋಣ ಅಂತ. ಸೀಟು ಕಿತ್ತು ಚಾಪೆ ಹಾಸ್ತೀನಿ. ಒಂದು ಕಡೆ ಕರಿಹಲಗೆ. ದೀಪಾವಳಿ ಆದಮೇಲೆ ಕಟಾವು ಶುರು ಆಗುತ್ತೆ. ಅಷ್ಟರೊಳಗೆ ಮಾಡಿಕೊಡ್ರಿ.”

ಆಚಾರ್ಯರು ಒಪ್ಪಿದರು. ಹಾಲಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿದರು.

“ಇದೇನಿದು ಆಚಾರ್ರೇ, ದೃಷ್ಟಿಗೆ ಕಟ್ಟಿದ್ದಾ?”

ಆಚಾರ್ಯರು ತೋರಣದ ಮಹಿಮೆಯನ್ನು ವಿವರಿಸಿದರು. ಹಾಲಮ್ಮ ಕೇಳಿ ನಕ್ಕರು.

“ನನ್ನ ತರಗತಿಯಲ್ಲಿ ಇಂಥದ್ದೊಂದು ಕಟ್ಟಿದ್ದಿದ್ರೆ ಮಕ್ಕಳು ಸ್ಲೇಟು ತೋರಿಸೋದೇ ಬಿಟ್ಟುಬಿಡ್ತಿದ್ವು.”

“ಮಕ್ಕಳ ಮಾತು ಬೇರೆ ಅಕ್ಕೋರೆ. ಇದು ಕಬ್ಬಿಣ,” ಎಂದು ಆಚಾರ್ಯರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು.

ಕೆಲಸ ಇಬ್ಬರ ಪಾಲಿಗೆ ಬಂದಿತು. ಗೋಡೆಗಳ ಬುಡ ಮಾಬುಸಾಬನದು. ನೆಲ ಮತ್ತು ಹಿಂಬಾಗಿಲ ಮೆಟ್ಟಿಲು ಹನುಮಂತಪ್ಪನದು. ಇಬ್ಬರೂ ಆಚಾರ್ಯರ ಬಳಿ ಕೆಲಸ ಕಲಿತು, ಅಲ್ಲಿಯೇ ತಲೆ ನರೆತವರು. ಮಾಬುಸಾಬನು ತುಕ್ಕನ್ನು ಉಜ್ಜಿ ತೆಗೆದನು. ಉಜ್ಜಿದಷ್ಟೂ ಉದುರಿದ ಭಾಗವನ್ನು ಕತ್ತರಿಸಿ ಹೊಸ ತಗಡು ಕೂಡಿಸಿದನು. ಗೋಡೆಯ ಬುಡದಲ್ಲಿ ಬಸ್ಸಿನ ಉದ್ದಕ್ಕೂ ಒಂದು ಟೊಳ್ಳು ಪಟ್ಟಿ ಹೋಗಿತ್ತು. ಅದರ ತಳದಲ್ಲಿ ಅಲ್ಲಲ್ಲಿ ಪೆನ್ಸಿಲು ಹೊಗುವಷ್ಟು ತೂತುಗಳಿದ್ದವು. ತುಕ್ಕು ಅವುಗಳ ಅಂಚನ್ನು ತಿಂದು ಒರಟು ಮಾಡಿತ್ತು. ಇವನ್ನೂ ತುಕ್ಕೇ ಕೊರೆದದ್ದು ಎಂದು ಬಗೆದ ಮಾಬುಸಾಬನು ಒಂದೊಂದನ್ನೂ ಬೆಸುಗೆಯಿಂದ ತುಂಬಿ, ಉಜ್ಜಿ, ಮೇಲೆ ಪುಟ್ಟಿ ಸವರಿದನು. ಕೆಂಪು ಪ್ರೈಮರು ಬಿತ್ತು. ಅದರ ಮೇಲೆ ಹಳದಿ ಬಣ್ಣ ಬಿತ್ತು. ಆಚಾರ್ಯರು ಅಂಗೈ ಸವರಿ ನೋಡಿದರು.

“ಮಾಬೂ, ಒಂದು ತೂತಿಲ್ಲ ನೋಡು. ಇದು ಕೆಲಸ!”

ಮಾಬುಸಾಬನ ಎದೆ ಉಬ್ಬಿತು.

ಸ್ವಾತಿ ಮಳೆ ಬಂತು. ಬಸ್ಸು ಶೆಡ್ಡಿನೊಳಗೆ ಹಿಡಿಸದೆ ಅಂಗಳದಲ್ಲಿಯೇ ನೆನೆಯಿತು. ಮಳೆ ಹೊಳವಾದ ಮೇಲೆ ಇಬ್ಬರೂ ಬಸ್ಸನ್ನು ಬಿಸಿಲಿಗೆ ತಳ್ಳಲು ಹೆಗಲು ಕೊಟ್ಟರು. ಬಸ್ಸು ಕದಲಿತು. ಆಗ ಗೋಡೆಯ ಬುಡದಿಂದ ಗುಳುಗುಳು ಎಂದು ಸದ್ದು ಬಂತು, ಅರ್ಧ ತುಂಬಿದ ಕೊಡವನ್ನು ಕಂಕುಳಲ್ಲಿಟ್ಟು ನಡೆದಂತೆ.

ಮಾಬುಸಾಬನ ಕೈ ಅಲ್ಲಿಯೇ ನಿಂತಿತು. ಕಿಟಕಿಯ ಸಂದಿನಿಂದ ನೀರು ಗೋಡೆಯೊಳಗೆ ಇಳಿಯುವುದು ಎಲ್ಲ ಬಸ್ಸುಗಳಲ್ಲಿಯೂ ಉಂಟು. ಹಾಗೆ ಇಳಿದ ನೀರು ಹೊರಗೆ ಹೋಗಲೆಂದೇ ಬಸ್ಸು ಕಟ್ಟಿದವರು ತಳದಲ್ಲಿ ತೂತು ಬಿಟ್ಟಿದ್ದರು. ತಾನು ಮುಚ್ಚಿದ್ದು ರೋಗವನ್ನಲ್ಲ, ನೀರಿನ ದಾರಿಯನ್ನು ಎಂದು ಅವನಿಗೆ ಆ ಕ್ಷಣವೇ ಹೊಳೆಯಿತು. ಹೊಸ ತಗಡು ಈಗ ಒಳಗಿನಿಂದ ಕೊಳೆಯುವುದು. ಬಣ್ಣ ಮಾತ್ರ ಹಳದಿಯಾಗಿ ಉಳಿಯುವುದು. ಒಂದು ದಿನ ಗೋಡೆ ನೆಲದ ಕೈಬಿಡುವುದು.

“ಕೇಳಿಸ್ತೇನೋ?” ಎಂದನು ಹನುಮಂತಪ್ಪನಿಗೆ.

ಹನುಮಂತಪ್ಪ ಬಾಗಿಲ ಕಡೆ ಕಣ್ಸನ್ನೆ ಮಾಡಿದನು. “ನನಗೇನೂ ಕೇಳಿಸಲಿಲ್ಲಪ್ಪ. ನಿನಗೆ ಕೇಳಿಸಿದ್ರೆ ಹೋಗಿ ಹೇಳು. ದೀಪಾವಳಿ ಆದಮೇಲೆ ನಿನ್ನ ಮಗಳನ್ನ ನೋಡೋಕೆ ಬೀಗರು ಬರ್ತಾರಲ್ಲ. ಬಸ್‌ಸ್ಟ್ಯಾಂಡಿಗೆ ಇದೇ ದಾರಿ. ತೋರಣದಲ್ಲಿ ಹೊಸ ಹೆಸರು ಓದಿಕೊಂಡೇ ಹೋಗಲಿ.”

ಮಾಬುಸಾಬನು ಮತ್ತೆ ಬಸ್ಸಿಗೆ ಹೆಗಲು ಕೊಟ್ಟನು. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಹೇಳಿದರೆ ತನ್ನ ಮಾನ ಬಾಗಿಲಿಗೆ ತೂಗುವುದು. ಹೇಳದಿದ್ದರೆ ಬಸ್ಸು ಹೊರಡುವುದು. ಒಮ್ಮೆ ಆಚಾರ್ಯರ ಎದುರಿಗೆ ಹೋಗಿ ನಿಂತನು. “ಏನೋ?” ಎಂದರು ಆಚಾರ್ಯರು. “ಏನಿಲ್ಲ, ತುಕ್ಕು ಉಜ್ಜೋ ಎಮರಿ ಹಾಳೆ ಮುಗಿದಾವ,” ಎಂದು ಹಿಂದಿರುಗಿದನು.

ದೀಪಾವಳಿ ಕಳೆಯಿತು. ಬಸ್ಸು ಹೊರಡುವ ಬೆಳಗು ಬಂದಿತು. ಹಾಲಮ್ಮ ಚಾಪೆ, ಸ್ಲೇಟು, ಕುಡಿಯುವ ನೀರಿನ ಕೊಳಗ ಎಲ್ಲವನ್ನೂ ತಂದು ಜೋಡಿಸಿದರು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟದ್ದಾಯಿತು. ಆಚಾರ್ಯರು ಒಗೆದ ಪಂಚೆಯುಟ್ಟು ಕರ್ಪೂರ ಹಚ್ಚಲು ನಿಂತರು. ಹಾಲಮ್ಮ ಬಸ್ಸಿನೊಳಗಿಂದ ಮಾಬುಸಾಬನನ್ನು ಕರೆದರು.

“ಬಾರಪ್ಪ, ನೋಡು. ದೊಡ್ಡವರು ನಡುವೆ ಕೂತ್ಕೊಳ್ಳಲಿ. ತೀರ ಚಿಕ್ಕವಕ್ಕೆ ಒರಗೋಕೆ ಗೋಡೆ ಬೇಕು. ಅವನ್ನ ಈ ಪಕ್ಕದ ಸಾಲಿಗೆ ಕೂರಿಸ್ತೀನಿ. ಈ ಗೋಡೆ ಮಾಡಿದ್ದು ನೀನೇ ಅಂತಲ್ಲ? ಗಟ್ಟಿ ಇದೆಯಲ್ಲ?”

ಮಾಬುಸಾಬನು ಆ ಗೋಡೆಯನ್ನು ನೋಡಿದನು. ಬಸ್ಸಿನಿಂದ ಇಳಿದು ನೆಟ್ಟಗೆ ಆಚಾರ್ಯರ ಬಳಿಗೆ ಹೋದನು.

“ಆಚಾರ್ರೇ, ಕರ್ಪೂರ ಹಚ್ಚಬ್ಯಾಡ್ರಿ. ಬಸ್ಸು ಹೋಗಬಾರದು. ತಳದ ತೂತೆಲ್ಲ ನಾನು ಮುಚ್ಚೀನಿ. ಗೋಡೆ ಒಳಗೆ ನೀರು ನಿಂತೈತಿ.”

ಆಚಾರ್ಯರ ಮುಖ ಕೆಂಪೇರಿತು. ಅಭ್ಯಾಸಬಲದಿಂದ ಅವರ ಕೈ ಅಂಗಿಯ ಕಿಸೆಯ ಸೀಮೆಸುಣ್ಣಕ್ಕೆ ಹೋಯಿತು.

“ಯಾವ ತುಂಡನ್ನ ತೂಗು ಹಾಕಲಿ ಈಗ?” ಎಂದರು.

“ತುಂಡಿಲ್ಲ ಆಚಾರ್ರೇ. ತೂತು ಮುಚ್ಚಿದ್ದೇ ತಪ್ಪು. ಮುಚ್ಚಿದ ತೂತನ್ನ ಹೆಂಗ ತೂಗು ಹಾಕ್ತೀರಿ? ಬೇಕಂದ್ರ ನನ್ನನ್ನೇ ಹಾಕ್ರಿ.”

ಆಚಾರ್ಯರು ಡ್ರಿಲ್ಲು ತರಿಸಿದರು. ಒಗೆದ ಪಂಚೆಯಲ್ಲಿಯೇ ಬಸ್ಸಿನ ಅಡಿಗೆ ತೂರಿ, ಪುಟ್ಟಿ ಸವರಿದ್ದ ಒಂದು ಎಡೆಯನ್ನು ಕೊರೆದರು. ಅಂಬಲಿಯಂತಹ ಕಂದು ನೀರು ಧಾರೆಗಟ್ಟಿ ಸುರಿಯಿತು. ಅವರ ತೋಳು ತೊಯ್ದಿತು, ಪಂಚೆ ತೊಯ್ದಿತು. ಧಾರೆ ನಿಲ್ಲಲಿಲ್ಲ.

“ಇದು ನಿನಗೆ ಎಂದಿನಿಂದ ಗೊತ್ತು?” ಎಂದರು ಅಡಿಯಿಂದಲೇ.

“ಸ್ವಾತಿ ಮಳೆಯಿಂದ.”

“ನನ್ನ ಜೊತೆ ಇಷ್ಟು ಕಾಲ ದುಡಿದವನು ನೀನು. ಯಾಕೆ ಹೇಳಲಿಲ್ಲ?”

ಗಾಳಿ ಬೀಸಿತು. ಬಾಗಿಲ ಮೇಲೆ ತೋರಣ ಕಿಣಿಕಿಣಿ ಎಂದಿತು.

ಆಗ ಹನುಮಂತಪ್ಪ ಗಂಟಲು ಸರಿಮಾಡಿಕೊಂಡನು. “ಆಚಾರ್ರೇ, ಹೆಂಗೂ ಕೆಳಗೆ ಮಲಗೀರಿ. ಹಿಂದಿನ ಮೆಟ್ಟಿಲನ್ನೂ ಒಂಚೂರು ಒತ್ತಿ ನೋಡಿಬಿಡ್ರಿ.”

“ಅದಕ್ಕೇನಾಗಿದೆ?”

“ಬೆಸುಗೆ ಹಾಕುವಾಗ ಸುಟ್ಟಿತು. ಅದಕ್ಕ… ಗೋಣಿಚೀಲದ ಚೂರು ಇಟ್ಟು ಮ್ಯಾಲೆ ಪುಟ್ಟಿ ಬಳಿದೆ.”

ಆಚಾರ್ಯರು ತೆವಳಿಕೊಂಡು ಹೋಗಿ ಹೆಬ್ಬೆರಳಿಂದ ಮೆಟ್ಟಿಲನ್ನು ಒತ್ತಿದರು. ಹೆಬ್ಬೆರಳು ಆಚೆಗೆ ಹೋಯಿತು. ಮೇಲೆ ನಿಂತಿದ್ದ ಹಾಲಮ್ಮನಿಗೆ, ಮಕ್ಕಳು ಹತ್ತಬೇಕಾದ ಮೆಟ್ಟಿಲಿನ ಹಳದಿ ಬಣ್ಣ ಒಡೆದು ಒಂದು ಬೆರಳು ಏಳುವುದು ಕಾಣಿಸಿತು. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಲ್ಲಿ ಮೊದಲು ಕಾಲಿಡುವ ಮಗು ಯಾವುದಾಗಿರುತ್ತಿತ್ತೋ!

ಆಚಾರ್ಯರು ಎದ್ದು ಬಂದರು. ಬೈಯಲಿಲ್ಲ. ಬಹಳ ಹೊತ್ತು ತೋರಣವನ್ನು ದಿಟ್ಟಿಸಿದರು. ಅದರಲ್ಲಿ ಹೊಸ ತುಂಡು ಸೇರದೆ ಹೋದ ವರ್ಷಗಳನ್ನೂ, ಆ ವರ್ಷಗಳಲ್ಲಿ ಈ ಅಂಗಳದಿಂದ ಹೊರಟುಹೋದ ಬಂಡಿಗಳನ್ನೂ ಅವರು ನೆನೆಯುತ್ತಿದ್ದರೆಂದು ತೋರುತ್ತದೆ.

“ಅಕ್ಕೋರೆ, ಅವತ್ತು ನೀವು ಸ್ಲೇಟಿನ ಮಾತು ಹೇಳಿದ್ರಿ,” ಎಂದರು ಕಡೆಗೆ. “ನಾನು ಕಬ್ಬಿಣ ಅಂದೆ. ಇವನು ತಳದ ತೂತು ಮುಚ್ಚಿದ. ಇವರ ಬಾಯಿ ಮುಚ್ಚಿದವನು ನಾನು. ನೀರು ಎರಡು ಕಡೆನೂ ನಿಂತಿತು.”

ಹೀಗೆಂದು ಅವರು ಬಾಗಿಲಿಗೆ ಹೋಗಿ ತೋರಣದ ತಂತಿಯನ್ನು ಸೆಳೆದರು. ತುಂಡುಗಳು ಜಣಜಣ ಎಂದು ನೆಲಕ್ಕೆ ಉದುರಿದವು. ತಂತಿ ಮಾತ್ರ ಅವರ ಕೈಯಲ್ಲಿ ಉಳಿಯಿತು. ಅದನ್ನು ಹಿಡಿದು ಮತ್ತೆ ಬಸ್ಸಿನ ಅಡಿಗೆ ಹೋದರು. ಮಾಬುಸಾಬನು ಮುಚ್ಚಿದ್ದ ಒಂದೊಂದು ತೂತನ್ನೂ ಕೊರೆದು, ಕೆಸರು ಕಟ್ಟಿದ ಕಡೆ ಆ ತಂತಿಯನ್ನೇ ಆಡಿಸಿದರು. ತಂತಿ ತೂತಿನೊಳಗೆ ಸಲೀಸಾಗಿ ಹೋಯಿತು. ಕೆಸರು ಸಡಿಲಿತು, ಉಳಿದ ನೀರೂ ಇಳಿಯಿತು.

“ನೀನೂ ಬಾರೋ ಮಾಬೂ. ಆ ಕಡೆಯಿಂದ ಹಿಡಿ. ಹನುಮಂತಪ್ಪಾ, ಆ ಗೋಣಿಚೀಲ ಬಿಚ್ಚು. ಕಬ್ಬಿಣ ಇರಬೇಕಾದ ಕಡೆ ಕಬ್ಬಿಣವೇ ಇರಲಿ.”

ಬಸ್ಸು ಅಂದು ಹೊರಡಲಿಲ್ಲ. ಗೋಡೆಯ ಒಳಗು ಒಣಗಬೇಕಾಯಿತು, ಮೆಟ್ಟಿಲು ಹೊಸದಾಗಬೇಕಾಯಿತು. ಕಟಾವು ಅದಾಗಲೇ ಶುರುವಾಗಿದ್ದರಿಂದ ಹಾಲಮ್ಮನಿಗೆ ಸಂಕಟವಾಯಿತು. ಆದರೂ ಅವರು, “ಮಕ್ಕಳು ಕಾಯ್ತವೆ. ಬಿದ್ದ ಮೇಲೆ ಎತ್ತೋದಕ್ಕಿಂತ ಕಾಯಿಸೋದೇ ವಾಸಿ,” ಎಂದರು. ಮಾಬುಸಾಬನ ಬೀಗರು ಬಂದರು. ಬರಿದಾದ ಬಾಗಿಲ ಮುಂದೆ ಹಾದು ಹೋದರು. ಅಲ್ಲಿ ಅವರಿಗೆ ಓದಲು ಏನೂ ಇರಲಿಲ್ಲ. ಇಷ್ಟಾಗಿಯೂ ಮಾಬುಸಾಬನು ಎಲ್ಲವನ್ನೂ ತಾನಾಗಿಯೇ ಅವರಿಗೆ ಹೇಳಿ ನಕ್ಕನಂತೆ.

ಬಸ್ಸು ಹೊರಡುವಾಗ ಆಚಾರ್ಯರು ಆ ತಂತಿಯನ್ನು ಸುರುಳಿ ಸುತ್ತಿ ಹಾಲಮ್ಮನ ಕೈಗೆ ಕೊಟ್ಟರು. “ಪ್ರತಿ ಮಳೆಯಾದ ಮೇಲೆ ತಳದ ತೂತಿಗೆ ಇದನ್ನ ಆಡಿಸಿ. ನನಗೆ ಇನ್ನು ಬೇಡ.”

ಶೆಡ್ಡಿನಲ್ಲಿ ಆಮೇಲೆ ಹೊಸ ಪದ್ಧತಿಯೊಂದು ಹುಟ್ಟಿತು. ಬೆಳಗ್ಗೆ ಚಹಾ ಬಂದೊಡನೆ ಆಚಾರ್ಯರು ಮೊದಲು ತಮ್ಮ ಹಿಂದಿನ ದಿನದ ತಪ್ಪನ್ನು ಹೇಳುವರು. ಆಮೇಲೆ ಉಳಿದವರು ಹೇಳುವರು. ಮೊದಲ ದಿನ ಹನುಮಂತಪ್ಪನ ಸರದಿ ಮುಗಿಯುವಷ್ಟರಲ್ಲಿ ಎಲ್ಲರ ಚಹಾ ಆರಿಹೋಯಿತು.

ಅತ್ತ ಕಬ್ಬಿನ ಹೊಲದ ಅಂಚಿನಲ್ಲಿ ಅಕಾಲದ ಮಳೆಯೊಂದು ಬಿದ್ದು ನಿಂತಿತು. ಹಳದಿ ಬಸ್ಸಿನ ಅಡಿಯಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಗೋಡೆಗೆ ಒರಗಿ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು ಕಿಟಕಿಯಿಂದ ಬಗ್ಗಿ ನೋಡಿ ಗಾಬರಿಯಾದಳು.

“ಅಕ್ಕೋರೆ, ಬಸ್ಸು ಸೋರ್ತೈತಿ!”

“ಇಲ್ಲ ಮಗಾ,” ಎಂದರು ಹಾಲಮ್ಮ ತಂತಿಯನ್ನು ಕೈಗೆತ್ತಿಕೊಳ್ಳುತ್ತ. “ಒಳಗೆ ಬಂದದ್ದು ಹೊರಗೆ ಹೋಗ್ತಿದೆ. ನೀನು ನಿನ್ನ ಸ್ಲೇಟು ತೋರಿಸು. ತಪ್ಪಿದ್ರೂ ತೋರಿಸು.”

ಹುಡುಗಿ ಸ್ಲೇಟನ್ನು ತೋರಿಸಿದಳು.

ನೀತಿ: ನೀರು ಹೊಗದ ಗೋಡೆಯಿಲ್ಲ, ತಪ್ಪು ಹೊಗದ ಕೈಯಿಲ್ಲ. ಹೊಕ್ಕದ್ದು ಹೊರಡಲು ದಾರಿಯಿದ್ದರೆ ಕಬ್ಬಿಣವೂ ಬಾಳುತ್ತದೆ, ಮನುಷ್ಯನೂ ಬಾಳುತ್ತಾನೆ. ತಪ್ಪು ಒಪ್ಪಿಕೊಂಡವನನ್ನು ನಾಚಿಸುವ ಹಿರಿಯನು ತಪ್ಪನ್ನು ತಡೆದಂತಾಗುವುದಿಲ್ಲ. ಅದನ್ನು ಬಣ್ಣದ ಅಡಿಯಲ್ಲಿ ಕೂಡಿಟ್ಟಂತಾಗುತ್ತದೆ.