ಈರಿ ಕೈ ತೊಳೆಯಲಿಲ್ಲ

ಭೂಮಿ ಇನ್ನೂ ಹಸಿ ಮಣ್ಣಾಗಿದ್ದ ಕಾಲ ಅದು. ಆಗ ಲೋಕದಲ್ಲಿ ಎಲ್ಲದಕ್ಕೂ ಒಂದು ಕೆಟ್ಟ ಚಾಳಿ ಇತ್ತು. ಕಣ್ಣಿಗೆ ಕಾಣುವಷ್ಟು ಹೊತ್ತು ಇರುತ್ತಿತ್ತು, ಮರೆಯಾದರೆ ಇಲ್ಲವೇ ಆಗಿಬಿಡುತ್ತಿತ್ತು. ಮಡಕೆಗೆ ಮುಚ್ಚಳ ಹಾಕಿದರೆ ಒಳಗಿನ ಹಿಟ್ಟು ಮಾಯ. ಹಸು ಗುಡ್ಡದ ಆಚೆ ಇಳಿದರೆ ಹಸುವೂ ಮಾಯ. ಅದಕ್ಕೇ ಆಗಿನ ಮಡಕೆಗೆ ಮುಚ್ಚಳವಿಲ್ಲ, ಮನೆಗೆ ಗೋಡೆಯಿಲ್ಲ. ನಾಲ್ಕು ಕಂಬ, ಮೇಲೊಂದು ಸೂರು, ಅಷ್ಟೆ.

ಮನೆಗೊಬ್ಬರು ನೋಡುವವರು ಇರುತ್ತಿದ್ದರು. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಕೂರುವುದೇ ಅವರ ಕೆಲಸ. ಸುಲಭ ಅಂದುಕೊಂಡೆಯಾ? ಒಂದು ಗಳಿಗೆ ಕೂತು ನೋಡು, ಗೊತ್ತಾಗುತ್ತದೆ.

ಹೊಳೆ ದಂಡೆಯ ಒಂದು ಮನೆಯಲ್ಲಿ ಆ ಕೆಲಸ ಕೆಂಪಜ್ಜಿಯದು. ಮನೆಯಲ್ಲಿ ಮಗ ಮಾರ, ಸೊಸೆ ದ್ಯಾವಮ್ಮ, ಹತ್ತು ತಿಂಗಳ ಮೊಮ್ಮಗಳು ಈರಿ. ಇಷ್ಟು ವರ್ಷದಲ್ಲಿ ಒಂದು ಸೌಟನ್ನೂ ಕಳೆದವಳಲ್ಲ ಅಂತ ಅಜ್ಜಿಗೆ ಜಂಬ. ಈರಿ ಮಾತ್ರ ಅವಳ ಪ್ರಾಣ ತಿನ್ನುತ್ತಿದ್ದಳು. ಸಿಕ್ಕಿದ್ದನ್ನೆಲ್ಲ ಬಟ್ಟೆಯಡಿ ತಳ್ಳುವಳು, ಅಜ್ಜಿ ಹೌಹಾರಿ ಎಳೆದುಕೊಳ್ಳುವಳು. ದಿನವೆಲ್ಲ ಇದೇ ಗೋಳು.

ಏನಾದರೂ ಮರೆಯಾದರೆ ಹುಡುಕುವ ಪದ್ಧತಿ ಆಗ ಇರಲಿಲ್ಲ. ಇಲ್ಲದ್ದನ್ನು ಎಲ್ಲಿ ಅಂತ ಹುಡುಕುವುದು? ಮನೆಯವರೆಲ್ಲ ಸಾಲಾಗಿ ಕೂತು ಕೈ ತೊಳೆದುಕೊಳ್ಳುವರು. ಹೋದದ್ದು ಹೋಯಿತು. ಆಮೇಲೆ ಅದರ ಹೆಸರು ಎತ್ತುವಂತಿಲ್ಲ.

ಒಂದು ದಿನ ದ್ಯಾವಮ್ಮ ಕೊಡ ಹಿಡಿದು ಹೊಳೆಗೆ ಇಳಿದಳು. ಮಾರ ಕಣದಲ್ಲಿ ರಾಗಿ ತೂರುತ್ತಿದ್ದ. ಗಾಳಿ ಆ ಹೊಟ್ಟನ್ನೆಲ್ಲ ಹೊತ್ತು ತಂದು ಅಜ್ಜಿಯ ಮೂಗಿಗೆ ತುಂಬಿತು. ಅಜ್ಜಿ ಮೂಗು ಹಿಡಿದಳು, ಹಲ್ಲು ಕಚ್ಚಿದಳು. ಸೀನು ಯಾರ ಮಾತು ಕೇಳೀತು? ಒಂದಲ್ಲ, ಮೂರು ಬಂತು. ಕಣ್ಣು ಬಿಟ್ಟರೆ ಹೊಳೆಯಲ್ಲಿ ಕೊಡ ತೇಲುತ್ತಿದೆ, ಸೊಸೆ ಇಲ್ಲ.

ಅಜ್ಜಿ ಹೊಳೆಯನ್ನು ಕೇಳಿದಳು. ತಾನು ಮುಂದೆ ಹರಿಯುವವಳು, ಹಿಂದೆ ತಿರುಗಿ ನೋಡಿದವಳಲ್ಲ ಅಂತು ಹೊಳೆ. ಗಾಳಿಯನ್ನು ಬೈದಳು. ಬೀಸುವುದು ನನ್ನ ಕೆಲಸ, ನೋಡುವುದು ನಿನ್ನ ಕೆಲಸ ಅಂತು ಗಾಳಿ. ಬೇಲಿ ಮೇಲಿನ ಕಾಗೆ, ಇನ್ನು ತಡಮಾಡದೆ ಕೈ ತೊಳೆದುಕೊಳ್ಳಿ ಅಂತ ನೆನಪಿಸಿತು. ಗಾಯದ ಮೇಲೆ ಉಪ್ಪು ಸುರಿಯುವುದರಲ್ಲಿ ಕಾಗೆ ಆಗಲೇ ಪಳಗಿತ್ತು.

ಮಾರ ಓಡಿ ಬಂದ. ಅಳುತ್ತಲೇ ಕೂತು ಕೈ ತೊಳೆದ. ಅಜ್ಜಿಯೂ ತೊಳೆದಳು. ತನ್ನ ಕೈಯನ್ನೇ ಕಡಿದುಕೊಂಡಂತೆ ಸಂಕಟವಾಯಿತು ಅವಳಿಗೆ.

ಉಳಿದದ್ದು ಈರಿಯ ಕೈ.

ಅಜ್ಜಿ ನೀರಿನ ಕುಡಿಕೆ ಹತ್ತಿರ ತಂದರೆ ಕೂಸು ಮುಷ್ಟಿ ಬಿಗಿ ಹಿಡಿಯಿತು. ಮಾರ ಬೆರಳು ಬಿಡಿಸಿದ, ಮತ್ತೆ ಮುಚ್ಚಿಕೊಂಡಿತು. ಈರಿಗೆ ಪದ್ಧತಿ ಗೊತ್ತಿರಲಿಲ್ಲ. ಅವಳ ಕಣ್ಣು ಹೊಳೆಯ ದೊಡ್ಡ ಬಂಡೆಯ ಅಂಚಿನಲ್ಲೇ ನೆಟ್ಟಿತ್ತು. ಅವ್ವ ಅತ್ತ ಸರಿದದ್ದನ್ನು ಅವಳು ಕಂಡಿದ್ದಳು. ಅತ್ತ ಹೋದವಳು ಅತ್ತಲೇ ಇರಬೇಕು. ಅವಳ ಲೆಕ್ಕ ಅಷ್ಟೇ.

"ಅವ್ವಾ" ಅಂದಳು ಈರಿ. ಅದುವರೆಗೂ ಅವಳು ಮಾತೇ ಆಡಿದವಳಲ್ಲ.

ಹೋದವರ ಹೆಸರು ಎತ್ತಬಾರದು ಅಂತ ಕಾಗೆ ಕಿರುಚಿತು. ಅಜ್ಜಿ ಕೂಸಿನ ಬಾಯಿ ಮುಚ್ಚಲು ಕೈ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. ಈರಿ ಅಂಬೆಗಾಲಿಟ್ಟು ಬಂಡೆಯ ಕಡೆ ಹೊರಟೇಬಿಟ್ಟಳು, ಅಳುತ್ತಾ, ಕೂಗುತ್ತಾ. ಅಜ್ಜಿ ಕುಡಿಕೆ ಕೆಳಗಿಟ್ಟು ಹಿಂದೆ ನಡೆದಳು. ಹುಡುಕಲು ಅಂತ ಮನುಷ್ಯರು ಎದ್ದು ನಡೆದದ್ದು ಅದೇ ಮೊದಲು.

ಬಂಡೆಯ ಹಿಂದೆ ದ್ಯಾವಮ್ಮ ಇದ್ದಳು. ಕಲ್ಲಿನ ಸಂದಿಯಲ್ಲಿ ಕೈ ಸಿಕ್ಕಿಕೊಂಡಿತ್ತು. ಮುಖ ಬೆಳ್ಳಗಾಗಿತ್ತು, ಮೈ ಮಂಜಿನ ಹಾಗೆ ತೆಳುವಾಗಿತ್ತು.

"ಅವರು ತೊಳೆದಾಗ ಮೊಣಕಾಲಿನವರೆಗೆ ಕರಗಿದೆ. ನೀವು ತೊಳೆದಾಗ ಸೊಂಟದವರೆಗೆ," ಅಂದಳು ದ್ಯಾವಮ್ಮ. "ಇವಳು ಕರೆದಳು ಅತ್ತೆ, ಕರಗದೆ ನಿಂತುಕೊಂಡೆ."

ಈರಿ ಅವ್ವನ ಮುಖ ಕಂಡಳು. ಕೆನ್ನೆಯ ಮೇಲಿನ ಕಣ್ಣೀರು ಆರುವ ಮೊದಲೇ ಕಿಲಕಿಲ ನಕ್ಕಳು. ಅವಳು ನಗುನಗುತ್ತಾ ಮುಟ್ಟಿದ ಕಡೆಯೆಲ್ಲ ದ್ಯಾವಮ್ಮನ ಮೈ ಮತ್ತೆ ತುಂಬಿಕೊಂಡಿತು. ಕೆಂಪಜ್ಜಿ ನೀರಲ್ಲೇ ಕುಸಿದು ಕೂತು ಇಬ್ಬರನ್ನೂ ತಬ್ಬಿ ಅತ್ತಳು. ಹಿಂದೆ ಊರವರು ಕೈ ತೊಳೆದು ಕಳೆದುಕೊಂಡ ಎಷ್ಟೋ ಜನರ ನೆನಪು ಅವಳಿಗೆ ಅವತ್ತು ಬಂತು.

ಆಮೇಲೆ ಊರಲ್ಲಿ ಯಾರೂ ಹಾಗೆ ಕೈ ತೊಳೆಯಲಿಲ್ಲ. ಮರೆಯಾದರೆ ಹೆಸರು ಹಿಡಿದು ಕೂಗಿದರು, ಹೋಗಿ ಹುಡುಕಿದರು. ಕೂಗುವವರು ಇದ್ದಾರೆ ಅಂತ ತಿಳಿದ ಮೇಲೆ ಲೋಕವೂ ತನ್ನ ಚಾಳಿ ಬಿಟ್ಟಿತು. ಮಡಕೆಗೆ ಮುಚ್ಚಳ ಬಂತು, ಮನೆಗೆ ಗೋಡೆ ಬಂತು. ಕೆಂಪಜ್ಜಿ ಮಧ್ಯಾಹ್ನ ಹಾಯಾಗಿ ಕಣ್ಣು ಮುಚ್ಚಿ ಮಲಗುವುದನ್ನು ಕಲಿತಳು.

ಆದರೆ ಹೊಸದಾಗಿ ಹುಟ್ಟುವ ಕೂಸಿಗೆ ಇದನ್ನೆಲ್ಲ ಯಾರೂ ಹೇಳಿ ಕಳಿಸುವುದಿಲ್ಲ. ತಾನೇ ಕಂಡುಕೊಳ್ಳಬೇಕು. ಅದಕ್ಕೇ ನಿನ್ನ ತಂಗಿ, ಅಮ್ಮ ಬಾಗಿಲ ಹಿಂದೆ ಸರಿದರೆ ಸಾಕು, ಹೋ ಅಂತ ಅಳುತ್ತಾಳೆ. ಅಮ್ಮ ಮುಖದಿಂದ ಸೆರಗು ಸರಿಸಿದರೆ ಕೇಕೆ ಹಾಕುತ್ತಾಳೆ, ಮತ್ತೆ ಮತ್ತೆ ಅದೇ ಆಟ ಬೇಕು ಅನ್ನುತ್ತಾಳೆ. ಅದು ಹಟವಲ್ಲ, ರೇಗಬೇಡ. ಅಮ್ಮ ಎಲ್ಲಿ ಅಂದರೆ ನೀನು ತಲೆಯೂ ಎತ್ತದೆ ಒಳಗಿದ್ದಾಳೆ ಅನ್ನುತ್ತೀಯಲ್ಲ, ಅದು ನೀನೂ ಒಂದು ಕಾಲಕ್ಕೆ ಹಾಗೇ ಅತ್ತು ಅತ್ತು ಕಲಿತದ್ದು.