ತಟ್ಟೆಯಲ್ಲಿ ಬಂದ ಬ್ರೆಡ್ಡು

"ಗುರುಗಳೇ, ಬೈಯುವುದಕ್ಕೆ ತಮಗೆ ನಾನೊಬ್ಬನೇ ಸಿಕ್ಕಿದ್ದೇ?"

ಕೇಳಿದವನು ಚನ್ನವೀರ. ಮಠದ ಶಿಷ್ಯರಲ್ಲೆಲ್ಲ ದೊಡ್ಡ ಗಂಟಲಿನವನು. ಕಾಲು ತೊಳೆಯದೆ ಪಂಕ್ತಿಗೆ ಕೂತನೆಂದು ಆ ಬೆಳಿಗ್ಗೆ ಎಲ್ಲರೆದುರಿಗೆ ಗುರುಗಳು ಅವನನ್ನು ಗದರಿಸಿ ಎಬ್ಬಿಸಿದ್ದರು.

"ನಮ್ಮೂರ ಚಾವಡಿಯಲ್ಲಿ ನಾನು ಬಾಯಿ ತೆರೆದರೆ ಹಿರಿಯರೂ ಸುಮ್ಮನಾಗುತ್ತಾರೆ. ಇಲ್ಲಿ ಅಡುಗೆಯವನೂ ನನ್ನನ್ನು ಕಂಡು ನಗುತ್ತಾನೆ. ಪಟ್ಟಣದ ಅತಿಥಿಗಳು ಕೆಸರುಗಾಲಲ್ಲೇ ಬಂದರೂ ಅವರಿಗೆ ಮಣೆ ಹಾಕಿಸಿ, ನಗುನಗುತ್ತಾ ಬಡಿಸುತ್ತೀರಿ. ನನಗೆ ಬರಿ ನೆಲ, ಮೇಲೆ ಬೈಗುಳ. ಇನ್ನು ನನ್ನನ್ನು ಬೈಯಕೂಡದು. ಬೈದರೆ ಗಂಟು ಕಟ್ಟಿಕೊಂಡು ಊರಿಗೆ ಹೋಗುತ್ತೇನೆ."

ಗುರುಗಳು ಕತೆ ಶುರು ಮಾಡಿದರು. "ಅಮೆರಿಕದಲ್ಲಿ ಒಬ್ಬ ಅಜ್ಜಿಯಿದ್ದಳು."

"ತಾವು ಅಮೆರಿಕಕ್ಕೆ ಯಾವಾಗ ಹೋಗಿದ್ದಿರಿ?"

"ಹೋಗಿಲ್ಲ. ನೀನು ಬಾಯಿ ಮುಚ್ಚಿದರೆ ಇಬ್ಬರೂ ಹೋಗಿಬರೋಣ."

ಆ ಅಜ್ಜಿ ಕಪ್ಪು ಜನರ ಬೀದಿಯವಳು. ಅವಳ ಹಿರೀಕರನ್ನು ಆಫ್ರಿಕಾದಿಂದ ಹಿಡಿದು ತಂದು ಅಲ್ಲಿ ಮಾರಿದ್ದರು. ಅವಳು ಪರರ ಮನೆಗಳಲ್ಲಿ ಬಟ್ಟೆ ಒಗೆದು ತನ್ನ ಮಕ್ಕಳನ್ನು ಬೆಳೆಸಿದಳು, ಆಮೇಲೆ ಮಗಳ ಮಕ್ಕಳನ್ನು. ಈಗ ಜಗಲಿಯಲ್ಲಿ ಕುರ್ಚಿ ಹಾಕಿ ಕೂತು ಬೀದಿಯ ಮಕ್ಕಳನ್ನೆಲ್ಲ ಬೈಯುತ್ತಿದ್ದಳು.

ಶಾಲೆ ಬಿಟ್ಟೊಡನೆ ಮಕ್ಕಳು ಜಗಲಿಗೆ ನುಗ್ಗುತ್ತಿದ್ದವು. ಅಜ್ಜಿ ಮೊದಲು ಅಂಗೈ ನೋಡುವಳು. ಕೊಳೆಯಿದ್ದರೆ ಅದರ ಮೇಲೊಂದು ಏಟು. ತೊಳೆದು ಬಂದ ಮೇಲೆ ಅದೇ ಅಂಗೈಗೆ ಮೆಕ್ಕೆಜೋಳದ ಬಿಸಿ ಬ್ರೆಡ್ಡು.

ಆ ಬೀದಿಗೆ ಒಬ್ಬ ತಾಯಿ ಹೊಸದಾಗಿ ಬಂದಳು. ಅವಳ ಮಗಳು ರಸ್ತೆ ನೋಡದೆ ಓಡಿದಾಗ ಅಜ್ಜಿ ಕೂಗಿ ನಿಲ್ಲಿಸಿ ಚೆನ್ನಾಗಿ ಬೈದಳು. ಸಂಜೆ ತಾಯಿ ಜಗಲಿಯ ಮುಂದೆ ನಿಂತಳು.

"ನನ್ನ ಮಗಳನ್ನು ಬೀದಿಯಲ್ಲಿ ಬೈಯುವುದಕ್ಕೆ ನೀವು ಯಾರು? ಹೆತ್ತವಳು ನಾನಿನ್ನೂ ಬದುಕಿದ್ದೇನೆ."

"ಆಯಿತಮ್ಮ," ಎಂದಳು ಅಜ್ಜಿ. "ಇನ್ನು ಬೈಯುವುದಿಲ್ಲ."

ಬೈಯಲಿಲ್ಲ. ಮರುದಿನದಿಂದ ಆ ಹುಡುಗಿಯ ಅಂಗೈಯನ್ನೂ ನೋಡಲಿಲ್ಲ. ಅವಳ ಬ್ರೆಡ್ಡು ಪಿಂಗಾಣಿ ತಟ್ಟೆಯಲ್ಲಿ ಬಂತು. ಹುಡುಗಿ ಮೊದಲು ತಟ್ಟೆ ತೋರಿಸಿ ಮೆರೆದಳು. ದಿನ ಕಳೆದಂತೆ ತಿನ್ನುವುದು ನಿಧಾನವಾಯಿತು. ಒಮ್ಮೆ ಕೆಸರುಗಾಲಲ್ಲಿ ಜಗಲಿ ಹತ್ತಿದಳು. ಅಜ್ಜಿ ಸುಮ್ಮನೆ ಒರೆಸಿದಳು. ಇನ್ನೊಮ್ಮೆ ಬೇಕೆಂದೇ ಹೂಕುಂಡ ಕೆಡವಿ ಒಡೆದಳು.

"ಪರವಾಗಿಲ್ಲ ಮಗು. ಚೂರು ಚುಚ್ಚೀತು, ಆಚೆ ನಿಲ್ಲು," ಎಂದು ಅಜ್ಜಿ ಪೊರಕೆ ತಂದಳು.

ಹುಡುಗಿ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಕೆಲಸ ಮುಗಿಸಿ ಬಂದ ತಾಯಿ ಓಡಿಬಂದಳು. "ಯಾರು ಬೈದರೇ ನಿನ್ನ?"

"ಯಾರೂ ಬೈಯಲಿಲ್ಲ," ಎಂದು ಹುಡುಗಿ ಇನ್ನಷ್ಟು ಅತ್ತಳು.

ತಾಯಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಹೇಳಿದಳು: "ಈ ಬೀದಿ ದಾಟಿದ ಮೇಲೆ ನಮ್ಮ ಬಣ್ಣದ ಮಕ್ಕಳು ತಪ್ಪು ಮಾಡಿದರೆ ಅಲ್ಲಿ ಯಾರೂ ಬೈಯುತ್ತಾ ಕೂರುವುದಿಲ್ಲ ತಾಯಿ, ನೆಟ್ಟಗೆ ಪೊಲೀಸರನ್ನು ಕರೆಯುತ್ತಾರೆ. ನನ್ನ ಹಿರಿಯ ಮೊಮ್ಮಗನಿಗೆ ಹಾಗೇ ಆಯಿತು. ಅದಕ್ಕೇ ಬೈಯುವುದನ್ನೆಲ್ಲ ಇಲ್ಲೇ ಬೈದು ಕಳಿಸುತ್ತೇನೆ. ಆದರೆ ಹೆತ್ತವಳು ನೀನು. ನೀನು ಬೇಡವೆಂದ ಮೇಲೆ ನಾನೇನು ಮಾಡಲಿ?"

ತಾಯಿ ಮಗಳನ್ನು ಎಬ್ಬಿಸಿ ಮುಂದೆ ದೂಡಿದಳು. "ಅಜ್ಜೀ, ಇವಳು ನಿಮ್ಮ ಹೂಕುಂಡ ಒಡೆದಿದ್ದಾಳೆ. ಅದೇನು ಕೇಳುತ್ತೀರೋ ಕೇಳಿ."

ಅಜ್ಜಿಯ ಗಂಟಲು ಬೀದಿಯ ಕೊನೆಯವರೆಗೂ ಕೇಳಿಸಿತು. "ಏನೇ, ಕೈಗೆ ಕೊಬ್ಬು ಬಂತೇ? ಹಿಡಿ ಪೊರಕೆ! ಆ ಮೂಲೆಯ ಮಣ್ಣು ನಿಮ್ಮಜ್ಜ ಬಂದು ಗುಡಿಸುತ್ತಾನೇನೇ?"

ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಮೂಲೆಮೂಲೆ ಗುಡಿಸಿದಳು. ಕೇಳುವ ಮೊದಲೇ ಹೋಗಿ ಕೈ ತೊಳೆದು ಬಂದಳು. ತಟ್ಟೆಯನ್ನು ಆಚೆ ಸರಿಸಿ ಅಂಗೈ ಚಾಚಿದಳು.

ಗುರುಗಳು ಕತೆ ನಿಲ್ಲಿಸಿದರು. ಒಳಗೆ ಊಟದ ಗಂಟೆ ಹೊಡೆಯಿತು. ಚನ್ನವೀರ ತನ್ನ ಕಾಲನ್ನೊಮ್ಮೆ ನೋಡಿಕೊಂಡ.

ಗುರುಗಳು ಎದ್ದು ನಿಂತು ಕೇಳಿದರು: "ಈ ಹೊತ್ತಿನ ಪಂಕ್ತಿಗೆ ನಿನಗೂ ಅತಿಥಿಗಳ ಮಣೆ ಹಾಕಿಸಲೇ, ಚನ್ನವೀರ?"