ಒಗ್ಗರಣೆ ಸೌಟೂ ಚಿಟಿಕೆ ಇಂಗೂ

ಗೋಧಿ ತಿಂದರೆ ಹೊಟ್ಟೆ ಹಿಂಡುವ ಸೊಸೆ ಹೈಮವತಿಗಾಗಿ ಆ ಮನೆಯಲ್ಲಿ ಚಪಾತಿ, ಉಪ್ಪಿಟ್ಟು ಎಲ್ಲ ನಿಂತು ರಾಗಿ, ಜೋಳದ ಕಾಲ ಬಂದಿತ್ತು. ಆದರೂ ಸಾರನ್ನ ಉಂಡ ದಿನ ಸಂಜೆ ಅವಳು ಹೊಟ್ಟೆ ಹಿಡಿದುಕೊಂಡು ಮಲಗುವುದು ತಪ್ಪಿರಲಿಲ್ಲ. ಇದಕ್ಕೆ ಎಲ್ಲರಿಗಿಂತ ಹೆಚ್ಚು ನೊಂದದ್ದು ಒಗ್ಗರಣೆ ಸೌಟು. ಸಾರಿಗೆ ಕೊನೆಯದಾಗಿ ಬೀಳುವುದು ತನ್ನ ಬಾಯಿಂದಲೇ ಅಲ್ಲವೇ? ಕಳ್ಳ ಯಾರೆಂದು ಹಿಡಿಯದೆ ಬಿಡುವುದಿಲ್ಲ ಎಂದು ಅದು ಪಣ ತೊಟ್ಟಿತು.

ಮರುದಿನ ಎಣ್ಣೆ ಕಾದು ಸಾಸಿವೆ ಸಿಡಿಯುತ್ತಲೇ ಇಂಗಿನ ಡಬ್ಬಿ ಠೀವಿಯಿಂದ ಬಂತು.

"ದಾರಿ ಬಿಡು. ನನ್ನದೊಂದು ಚಿಟಿಕೆ ಬಿದ್ದರೆ ಸಾಕು, ಹಂಡೆ ಸಾರೂ ಘಮ್ಮೆನ್ನುತ್ತದೆ."

"ನಿಲ್ಲಯ್ಯಾ," ಎಂದಿತು ಸೌಟು. "ನಿನ್ನೊಳಗಿರುವುದು ಬರೀ ಇಂಗೇನು?"

"ಬರೀ ಇಂಗಿನ ಘಾಟು ಯಾರು ತಡೆದಾರು? ಹದಕ್ಕೆಂದು ಗೋಧಿಹಿಟ್ಟು ಬೆರೆಸಿದ್ದಾರೆ. ಒಂದು ಚಿಟಿಕೆಯಲ್ಲಿ ಅದೆಷ್ಟು ಮಹಾ! ಅಷ್ಟಕ್ಕೆಲ್ಲ ಏನೂ ಆಗುವುದಿಲ್ಲ."

"ನಿನ್ನ ಚಿಟಿಕೆಗೆ ಹಂಡೆ ಸಾರೇ ಬದಲಾಗುತ್ತದೆ ಎಂದು ಈಗ ತಾನೇ ಕೊಚ್ಚಿಕೊಂಡೆ. ಹಾಗಿದ್ದ ಮೇಲೆ ಗೇಣು ಹೊಟ್ಟೆ ಯಾವ ಲೆಕ್ಕ?"

ಡಬ್ಬಿ ಇಂಗು ತಿಂದ ಮಂಗನಂತೆ ನಿಂತಿತು. ಆಮೇಲೆ ಗೊಣಗಿತು: "ನಾನಿಲ್ಲದ ಸಾರನ್ನು ಬಂದವರು ಆಡಿಕೊಳ್ಳುತ್ತಾರೆ."

"ಆಡಿಕೊಳ್ಳಲಿ. ನೋಯುವುದು ಅವರ ಹೊಟ್ಟೆಯಲ್ಲ," ಎಂದ ಸೌಟು ಡಬ್ಬಿಗೆ ಬೆನ್ನು ತಿರುಗಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ಕರೆದುಕೊಂಡು ಚುಂಯ್ ಎಂದು ಸಾರಿಗಿಳಿಯಿತು.

ಅಂದು ಹೈಮವತಿ ಎರಡು ಸಲ ಸಾರು ಬಡಿಸಿಕೊಂಡಳು. ಸಂಜೆ ಅವಳ ಕೈ ಹೊಟ್ಟೆಯ ಮೇಲೆ ಹೋಗಲೇ ಇಲ್ಲ.